ಎರಡು ಗೆರೆಗಳ ನಡುವಿನ ಹೊಸೂರು

ಹೊಸೂರಿನ ಬಗ್ಗೆ ಯಾರು ಬರೆದರೂ 1970ರ ದಶಕದಿಂದಲೇ ಶುರು ಮಾಡುತ್ತಾರೆ. ಸಿಪ್ಕಾಟ್ ಬಂತು, ಕಾರ್ಖಾನೆಗಳು ಬಂದವು, ಊರು ಬೆಳೆಯಿತು, ಅಲ್ಲಿಗೆ ಕಥೆ ಮುಗಿಯಿತು! ನಾನು ಮತ್ತಿಗಿರಿ ಕಡೆಯವನು. ಇಲ್ಲೇ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುತ್ತೇನೆ. ನನಗೆ ಈ ಕಥೆ ಯಾವಾಗಲೂ ಅರ್ಧ ಅನಿಸಿದೆ. ಕಾರ್ಖಾನೆ ಕಟ್ಟಲು ಇಡೀ ಜಿಲ್ಲೆಯಲ್ಲಿ ಜಾಗಕ್ಕೇನು ಬರವಿತ್ತೇ? ಹೊಸೂರೇ ಯಾಕೆ ಬೇಕಾಯಿತು? ಇದಕ್ಕೆ ಉತ್ತರ ಹುಡುಕಿಕೊಂಡು ಹೊರಟರೆ 1799ರ ತನಕ ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲು ನೆಲದ ವಿಷಯ. ಕೃಷ್ಣಗಿರಿಯಿಂದ ಹೊಸೂರಿಗೆ ಬಸ್ಸಿನಲ್ಲಿ ಬಂದವರಿಗೆ ಇದು ಗೊತ್ತು. ಕೃಷ್ಣಗಿರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿ. ಅಲ್ಲಿಯ ಬಿಸಿಲಲ್ಲಿ ಬೆಂದು ಹೊರಟ ಬಸ್ಸು ಶೂಲಗಿರಿ ಕಡೆಯ ಏರು ಹತ್ತಿ ಬರುತ್ತಲೇ ಕಿಟಕಿಯ ಗಾಳಿ ಬೇರೆಯಾಗುತ್ತದೆ. ಹೊಸೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಹಳೆಯ ಸೇಲಂ ಜಿಲ್ಲೆಯನ್ನು ಮೂರು ಭಾಗವಾಗಿ ಹೇಳುತ್ತಿದ್ದರು: ತಲಘಾಟ್, ಬಾರಾಮಹಲ್, ಬಾಲಾಘಾಟ್. ಘಟ್ಟದ ಮೇಲಿನ ಬಾಲಾಘಾಟ್ ಎಂದರೆ ನಮ್ಮ ಹೊಸೂರು ಸೀಮೆ. ಅಂದರೆ ಇದು ಮೈಸೂರು ಪ್ರಸ್ಥಭೂಮಿಯ ಒಂದು ತುಂಡು. ಇಲ್ಲಿಯ ಹೊಲ, ಕೆರೆ, ರಾಗಿ, ಅವರೆ ಯಾವುದನ್ನು ನೋಡಿದರೂ ಆನೇಕಲ್ಲಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲ್ ಬಿಟ್ಟುಕೊಟ್ಟ. ಅಲ್ಲಿ ಅಲೆಕ್ಸಾಂಡರ್ ರೀಡ್, ಥಾಮಸ್ ಮನ್ರೋ ಸೇರಿ ರೈತವಾರಿ ಕಂದಾಯದ ಪ್ರಯೋಗ ಶುರು ಮಾಡಿದರು. ಆದರೆ ಘಟ್ಟದ ಮೇಲಿನ ಹೊಸೂರು ಆಗಲೂ ಮೈಸೂರಿನದ್ದೇ. 1799ರಲ್ಲಿ ಟಿಪ್ಪು ಸತ್ತು ರಾಜ್ಯ ಹಂಚಿದಾಗ ಹೊಸೂರು ಸೀಮೆ ಕಂಪನಿಯ ಪಾಲಿಗೆ ಹೋಯಿತು, ಆಚೆಯ ಆನೇಕಲ್ಲು, ಅತ್ತಿಬೆಲೆ ಮೈಸೂರು ಒಡೆಯರ ಪಾಲಿಗೆ ಉಳಿಯಿತು. ಅತ್ತಿಬೆಲೆಗೂ ಜೂಜುವಾಡಿಗೂ ನಡುವೆ ಒಂದು ಹೊಳೆಯಾಗಲಿ, ಬೆಟ್ಟವಾಗಲಿ ಇಲ್ಲ. ಕಾಗದದ ಮೇಲೆ ಎಳೆದ ಗೆರೆ ಅದು. ನಿಸರ್ಗ ಹಾಕಿದ ಗೆರೆ ಶೂಲಗಿರಿ ಬಳಿ, ಕಂಪನಿ ಹಾಕಿದ ಗೆರೆ ಜೂಜುವಾಡಿ ಬಳಿ. ಈ ಎರಡು ಗೆರೆಗಳ ನಡುವೆ ಸಿಕ್ಕಿಕೊಂಡಿದೆ ಹೊಸೂರು. ಗಾಳಿ ಬೆಂಗಳೂರಿನದು, ಕಾನೂನು ಮದರಾಸಿನದು. ಹೊಸೂರಿನ ಎಲ್ಲ ವ್ಯಾಪಾರದ ಗುಟ್ಟು ಇಷ್ಟರಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಈ ಗುಟ್ಟು ಮೊದಲು ಹಿಡಿದವರು ಯಾರು ಗೊತ್ತೇ? ಕುದುರೆಯವರು! ನಮ್ಮ ಕಡೆ ಕಾರ್ಖಾನೆಗೆ 'ಕಂಪನಿ' ಅಂತಲೇ ಹೆಸರು, "ನನ್ನ ಮಗ ಕಂಪನಿಗೆ ಹೋಗ್ತಾನೆ" ಅಂತಾರೆ. ಹಾಗೆ ನೋಡಿದರೆ ಇಲ್ಲಿಗೆ ಬಂದ ಮೊದಲ ಕಂಪನಿ ಈಸ್ಟ್ ಇಂಡಿಯಾ ಕಂಪನಿ. 1824ರಲ್ಲಿ ಸೈನ್ಯದ ಕುದುರೆಗಳನ್ನು ಸಾಕಿ ಪಳಗಿಸುವ ಡಿಪೋ ಒಂದನ್ನು ಮತ್ತಿಗಿರಿಯಲ್ಲಿ ತೆರೆದರು. ಬೆಂಗಳೂರಿನ ದಂಡು ಪ್ರದೇಶ 1809ರಿಂದಲೇ ಇತ್ತು, ಒಂದು ಹಗಲಿನ ದಾರಿ. ಹವೆ ತಂಪು, ಹುಲ್ಲುಗಾವಲು ವಿಶಾಲ, ಹುರುಳಿ ಇಲ್ಲೇ ಬೆಳೆಯುತ್ತದೆ, ನೆಲ ಮಾತ್ರ ಕಂಪನಿಯ ಸ್ವಂತದ್ದು, ಮೈಸೂರು ಅರಸರನ್ನು ಕೇಳಬೇಕಾಗಿಲ್ಲ. 150 ವರ್ಷ ಆದಮೇಲೆ ಲಾರಿ ಮಾಡುವವರು, ಗಡಿಯಾರ ಮಾಡುವವರು ಹಾಕಿದ ಲೆಕ್ಕವೂ ಇದೇ ಅಲ್ಲವೇ?

ಆ ಡಿಪೋ ಮುಂದೆ ಸೈನ್ಯದ ಕೈಬಿಟ್ಟು ಪಶುಪಾಲನಾ ಕೇಂದ್ರವಾಯಿತು. ಸುಮಾರು 1,600 ಎಕರೆಯ ಆ ಫಾರಂ ಇವತ್ತಿಗೂ ಇದೆ. ಸಿಂಧ್ ಕಡೆಯ ಕೆಂಪು ಸಿಂಧಿ ತಳಿಯ ಹಸುಗಳನ್ನು ತಂದು ಇಲ್ಲಿ ಸಾಕಿದರು. ಕರಾಚಿಯ ಹಸು ಮತ್ತಿಗಿರಿಯ ಹುಲ್ಲು ಮೇಯ್ದ ಕಥೆಯೇ ಒಂದು ದೊಡ್ಡ ಲೇಖನವಾದೀತು, ಇನ್ನೊಮ್ಮೆ ಬರೆಯುತ್ತೇನೆ. ಸಾಹೇಬರಿಗೂ ಈ ಹವೆ ಹಿಡಿಸಿತ್ತು. ಸೇಲಂ ಜಿಲ್ಲೆಯ ಕಲೆಕ್ಟರುಗಳು ಸೇಲಂ ಸೆಕೆ ತಾಳಲಾರದೆ ಕೆಲ ಕಾಲ ಹೊಸೂರಿನಲ್ಲೇ ಠಿಕಾಣಿ ಹೂಡಿದ್ದರು. ಬ್ರೆಟ್ ಎಂಬ ಕಲೆಕ್ಟರು 1860ರ ಸುಮಾರಿಗೆ ಇಂಗ್ಲೆಂಡಿನ ಕೆನಿಲ್ವರ್ತ್ ಕೋಟೆಯ ಮಾದರಿಯಲ್ಲಿ ಇಲ್ಲೊಂದು ಕೋಟೆಮನೆಯನ್ನೇ ಕಟ್ಟಿಸಿದರು. ರಾಗಿ ಹೊಲದ ನಡುವೆ ಇಂಗ್ಲೆಂಡಿನ ಕೋಟೆ! ಅದು ಈಗ ಉಳಿದಿಲ್ಲ.

ಕಂಪನಿ ಸರಕಾರದ ಕಾಲ ಕಳೆದ ಮೇಲೂ ಹೊಸೂರು ದೊಡ್ಡದಾಗಲಿಲ್ಲ. ಹುಣಸೆ, ರಾಗಿ, ಹುರುಳಿ, ದನದ ಸಂತೆ, ಇಷ್ಟೇ ವ್ಯಾಪಾರ. ದೇಂಕಣಿಕೋಟೆ, ಅಂಚೆಟ್ಟಿ ಕಾಡಿನ ಹುಣಸೆಹಣ್ಣು ಗಾಡಿಗಳಲ್ಲಿ ಬರುತ್ತಿತ್ತು. ರೈಲು ಬಂದದ್ದೂ ಒಂದು ವಿಚಿತ್ರ ಕಥೆ. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಎರಡೂವರೆ ಅಡಿ ಅಗಲದ ಸಣ್ಣ ಹಳಿಯ ರೈಲು ಹಾಕಿದರು, 1913ರಲ್ಲಿ ಅದನ್ನು ಹೊಸೂರಿನ ತನಕ ಎಳೆದರು. ಬರಗಾಲದಲ್ಲಿ ಧಾನ್ಯ ಸಾಗಿಸುವುದಕ್ಕೆಂದೇ ಹಾಕಿದ ಮಾರ್ಗ ಅದು. ಹೊಸೂರಿಗೆ ಬಂದು ನಿಂತ ರೈಲು ನಲವತ್ತೇ ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಲಿಲ್ಲ ನೋಡಿ! ಯಾಕೆಂದರೆ ಆಚೆ ಮೈಸೂರು ಸಂಸ್ಥಾನ, ಈಚೆ ಮದರಾಸು ಪ್ರಾಂತ. 1941ರಲ್ಲಿ, ಯುದ್ಧದ ನಡುವೆ, ಆ ಮಾರ್ಗವನ್ನೂ ಮುಚ್ಚಿ ಹಳಿ ಕಿತ್ತರು. ಬೆಂಗಳೂರು ಸೇಲಂ ನಡುವೆ ಮೀಟರ್ ಗೇಜ್ ರೈಲು ಈ ಕಡೆ ಓಡಿದ್ದು 1960ರ ದಶಕದ ಕೊನೆಗೆ. ಅಂದರೆ ಸುಮಾರು ಕಾಲು ಶತಮಾನ ಹೊಸೂರಿಗೆ ರೈಲೇ ಇರಲಿಲ್ಲ. ಗಡಿ ಆಗ ಲಾಭ ತರಲಿಲ್ಲ, ಬರೀ ಅಡ್ಡಗೋಡೆಯಾಗಿತ್ತು.

ಓದುವ ಹುಡುಗರಿಗೆ ಮಾತ್ರ ಬೆಂಗಳೂರೇ ಹತ್ತಿರ. ಹೊಸೂರು ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರೂ ಹೊಸೂರಿನ ಶಾಲೆ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೇ ಹೋದರು. ಕಾನೂನು ಓದುವುದಕ್ಕೆ ಮದರಾಸಿಗೆ ಹೋಗಬೇಕಾಯಿತು. ಓದು ಆ ಕಡೆ, ಅಧಿಕಾರ ಈ ಕಡೆ. (ನಾನೂ ಟಿಸಿಎಚ್ ಮಾಡಿದ್ದು ಗಡಿಯಾಚೆಯೇ, ಕೆಲಸ ಮಾತ್ರ ಈಚೆ! ಆ ದೊಡ್ಡವರ ಪಕ್ಕ ನನ್ನ ಹೆಸರು ಹೇಳಿಕೊಂಡದ್ದಕ್ಕೆ ನಗಬೇಡಿ.)

1956ರಲ್ಲಿ ಭಾಷಾವಾರು ರಾಜ್ಯಗಳಾದಾಗ ಹೊಸೂರು ಮದರಾಸಿನಲ್ಲೇ ಉಳಿಯಿತು. ಇಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಇರುವಾಗ ಭಾಷೆಯ ಲೆಕ್ಕದಲ್ಲಿ ಗೆರೆ ಎಳೆಯುವುದು ಸುಲಭವೂ ಆಗಿರಲಿಲ್ಲ. 1965ರಲ್ಲಿ ಸೇಲಂ ಜಿಲ್ಲೆ ಒಡೆದು ಧರ್ಮಪುರಿ ಜಿಲ್ಲೆಯಾಯಿತು, ಹೊಸೂರು ಅದರ ಪಾಲಾಯಿತು. ಇಲ್ಲಿಂದ ಕಥೆಗೆ ತಿರುವು.

ಧರ್ಮಪುರಿ ಎಂದರೆ ಮಳೆ ಕಡಿಮೆ, ಬಿಸಿಲು ಹೆಚ್ಚು, ಗುಳೆ ಹೋಗುವ ಜನ. ಸರಕಾರದ ಪಟ್ಟಿಯಲ್ಲಿ ಅದು ಹಿಂದುಳಿದ ಜಿಲ್ಲೆ. ಹಿಂದುಳಿದ ಜಿಲ್ಲೆಯಲ್ಲಿ ಕಾರ್ಖಾನೆ ಹೂಡುವವರಿಗೆ 1970ರ ದಶಕದಲ್ಲಿ ಸಹಾಯಧನ, ಕಡಿಮೆ ಬಡ್ಡಿಯ ಸಾಲ, ತೆರಿಗೆ ರಿಯಾಯಿತಿ ಎಲ್ಲ ಇತ್ತು. 1971ರಲ್ಲಿ ಹುಟ್ಟಿದ ಸಿಪ್ಕಾಟ್, ಅಂದರೆ ತಮಿಳುನಾಡಿನ ಕೈಗಾರಿಕಾ ಉತ್ತೇಜನ ನಿಗಮ, ಹೊಸೂರಿನಲ್ಲಿ ಜಮೀನು ವಶಪಡಿಸಿಕೊಂಡು ರಸ್ತೆ, ನೀರು, ಕರೆಂಟು ಕೊಟ್ಟು ಪ್ಲಾಟು ಹಂಚಿತು. ಈಗ ಲೆಕ್ಕ ನೋಡಿ. ಜಿಲ್ಲೆ ಹಿಂದುಳಿದದ್ದು ಎಂದು ಅಳೆದದ್ದು ಪೆಣ್ಣಾಗರ, ಹರೂರಿನ ಹಳ್ಳಿಗಳನ್ನೆಲ್ಲ ಸೇರಿಸಿ. ಅದರ ರಿಯಾಯಿತಿ ಹಿಡಿದುಕೊಂಡು ಕಾರ್ಖಾನೆಗಳು ಬಂದು ಕೂತದ್ದು ಜಿಲ್ಲೆಯ ತುತ್ತತುದಿಗೆ, ಅತ್ಯಂತ ತಂಪಾದ ಮೂಲೆಯಲ್ಲಿ, ಬೆಂಗಳೂರಿನ ಬಾಗಿಲಲ್ಲಿ! ಘಟ್ಟದ ಕೆಳಗಿನವರ ಬಡತನಕ್ಕೆ ಕೊಟ್ಟ ಸಹಾಯಧನ ಘಟ್ಟದ ಮೇಲೆ ಖರ್ಚಾಯಿತು. ಇದನ್ನು ಮೋಸ ಎನ್ನಲಾರೆ, ಕಾನೂನು ಪ್ರಕಾರ ಎಲ್ಲ ಸರಿಯೇ. ಆದರೆ ಧರ್ಮಪುರಿಯವರು ಇವತ್ತಿಗೂ ಕೆಲಸಕ್ಕೆ ಹೊಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತುವುದನ್ನು ನೋಡಿದಾಗ ಮನಸ್ಸಿಗೆ ಏನೋ ಆಗುತ್ತದೆ.

ಬೆಂಗಳೂರಲ್ಲಿ ಆಗಲೇ ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಇದ್ದವು. ಕೆಲಸ ಬಲ್ಲ ಫಿಟ್ಟರು, ಟರ್ನರುಗಳು, ಉಪಕರಣ ಮಾಡಿಕೊಡುವ ಸಣ್ಣ ವರ್ಕ್‌ಶಾಪುಗಳು ಎಲ್ಲ ಒಂದು ಗಂಟೆ ದಾರಿಯಲ್ಲಿ. ಅಧಿಕಾರಿಗಳು ಬೆಂಗಳೂರಲ್ಲಿ ಮನೆ ಮಾಡಿಕೊಂಡು ಕಂಪನಿ ಬಸ್ಸಿನಲ್ಲಿ ಬಂದು ಹೋಗಬಹುದಿತ್ತು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆ ಬಂತು. ಅದೇ ವರ್ಷ ಹೊಸೂರಿನಿಂದ ಟಿವಿಎಸ್ 50 ಹೊರಬಂತು, ಇಬ್ಬರು ಕೂರಬಹುದಾದ ದೇಶದ ಮೊದಲ ಮೊಪೆಡ್. ಕಾರ್ಖಾನೆಗಳಿಂದ ನಮ್ಮ ರೈತರಿಗೆ ಏನು ಸಿಕ್ಕಿತು ಎಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಹಿಂದೆ ಎರಡು ಹಾಲಿನ ಕ್ಯಾನು, ಮುಂದೆ ಹುಲ್ಲಿನ ಹೊರೆ, ಮೇಲೆ ಮಗನನ್ನು ಕೂರಿಸಿಕೊಂಡು ಡೈರಿಗೆ ಹೋಗುವ ರೈತನಿಗೆ ಅದು ಗಾಡಿಯ ಎತ್ತಿದ್ದ ಹಾಗೆ. ಟೊಮ್ಯಾಟೊ ಕ್ರೇಟು ಹೊತ್ತುಕೊಂಡು ಮಾರುಕಟ್ಟೆಗೆ ಬರುವುದೂ ಇವತ್ತಿಗೂ ಅದರ ತಮ್ಮಂದಿರ ಮೇಲೇ.

ಆಮೇಲೆ ಟೈಟಾನ್. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರಕಾರದ ಟಿಡ್ಕೊ ಸೇರಿ ಹುಟ್ಟುಹಾಕಿದ ಕಂಪನಿ. ಗಡಿಯಾರ ಎಂದರೆ ಎಚ್‌ಎಂಟಿ, ಎಚ್‌ಎಂಟಿ ಎಂದರೆ ಬೆಂಗಳೂರು ಎನ್ನುತ್ತಿದ್ದ ಕಾಲ. ಟೈಟಾನಿನವರು ಕೀಲಿ ಕೊಡುವ ಗಡಿಯಾರ ಬಿಟ್ಟು ಕ್ವಾರ್ಟ್ಸ್ ಹಿಡಿದರು. ನನಗೆ ಮುಖ್ಯವಾಗಿ ಕಾಣುವುದು ಕೆಲಸಗಾರರ ಆಯ್ಕೆ. ಅನುಭವ ಇರುವವರನ್ನು ಮಾತ್ರ ತುಂಬಿಕೊಳ್ಳದೆ ತಮಿಳುನಾಡಿನ ಹಳ್ಳಿಗಳಿಂದ ಶಾಲೆ ಮುಗಿಸಿದ ಹದಿನೇಳು ಹದಿನೆಂಟು ವರ್ಷದ ಹುಡುಗ ಹುಡುಗಿಯರನ್ನು ಆರಿಸಿ ತಂದರು. ಊರು ಬಿಟ್ಟು ಬಂದ ಆ ಮಕ್ಕಳಿಗೆ ಬಾಡಿಗೆ ಮನೆ ಮಾಡಿಕೊಟ್ಟು, ನೋಡಿಕೊಳ್ಳಲು ತಂದೆ ತಾಯಿಯ ಸ್ಥಾನದಲ್ಲಿ ದಂಪತಿಗಳನ್ನು ಇಟ್ಟಿದ್ದರು. ಮುಂದೆ ಟೈಟಾನ್ ಟೌನ್‌ಶಿಪ್ ಎದ್ದದ್ದು ನಮ್ಮ ಮತ್ತಿಗಿರಿಯಲ್ಲೇ, ಅದರ ವಿನ್ಯಾಸ ಚಾರ್ಲ್ಸ್ ಕೊರಿಯಾ ಅವರದು. ಕುದುರೆ ಫಾರಂ ಒಂದು ಕಡೆ, ಗಡಿಯಾರದವರ ಊರು ಇನ್ನೊಂದು ಕಡೆ! ಎಚ್‌ಎಂಟಿ ಗಡಿಯಾರದ ಕಾರ್ಖಾನೆಗಳು 2016ರ ಹೊತ್ತಿಗೆ ಬಾಗಿಲು ಹಾಕಿದವು, ಟೈಟಾನ್ ನಡೆಯುತ್ತಿದೆ.

ಇಷ್ಟೆಲ್ಲ ಬಂದಮೇಲೆ ಇಲ್ಲಿ ಮೊದಲಿನಿಂದ ಇದ್ದವರು ಏನಾದರು? ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ, ನಾನು ಕಂಡದ್ದನ್ನು ಹೇಳುತ್ತೇನೆ. ಜಮೀನು ಕಳೆದುಕೊಂಡವರಲ್ಲಿ ಪರಿಹಾರದ ಹಣ ಮದುವೆಗೆ, ಮನೆಗೆ ಖರ್ಚು ಮಾಡಿ ಅದೇ ಕಂಪನಿಯ ಗೇಟಿನಲ್ಲಿ ಕಾವಲಿಗೆ ನಿಂತವರಿದ್ದಾರೆ. ಜಾಣತನ ಮಾಡಿದವರು ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿ ಬಾಡಿಗೆಗೆ ಕೊಟ್ಟರು. ರಾಗಿ ಬೆಳೆಯುತ್ತಿದ್ದ ಅರ್ಧ ಎಕರೆಯಲ್ಲಿ ಹತ್ತು ಮನೆಯ ವಠಾರ. ಮಳೆ ಕೈಕೊಟ್ಟರೂ ತಿಂಗಳ ಮೊದಲ ವಾರ ಬಾಡಿಗೆ ಬರುತ್ತದಲ್ಲ! ಮಾಲೀಕರ ಮನೆಯೊಳಗೆ ಕನ್ನಡವೋ ತೆಲುಗೋ. ಬಾಡಿಗೆಯವರು ಮದುರೆ, ತಿರುನೆಲ್ವೇಲಿ ಕಡೆಯವರು. ಹಾಗಾಗಿ ಅಂಗಳದಲ್ಲಿ ತಮಿಳು. ಈಗ ಒಡಿಶಾ, ಬಿಹಾರ, ಜಾರ್ಖಂಡಿನವರು ಬಂದಮೇಲೆ ಅಂಗಳದ ಭಾಷೆ ಹಿಂದಿ. ಕೆಲಮಂಗಲದ ಕಡೆ ಮೊಬೈಲ್ ಬಿಡಿಭಾಗ ಮಾಡುವ ಟಾಟಾ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಜಾರ್ಖಂಡಿನ ಹೆಣ್ಣುಮಕ್ಕಳೂ ಬಂದಿದ್ದಾರೆ. ಇಲ್ಲಿಯ ಅಜ್ಜಿಯೊಬ್ಬರು ಬಾಡಿಗೆ ಹುಡುಗರ ಜೊತೆ "ಪಾನಿ ಬಂದ್ ಕರೋ" ಎಂದು ಕೂಗುವುದನ್ನು ಕೇಳಿದ್ದೇನೆ. ಓದು ಬರಹ ಬಾರದ ಅಜ್ಜಿಗೆ ಐದು ಭಾಷೆ! ಇಲ್ಲಿ ಬದುಕಬೇಕಾದರೆ ಇದೇ ಬಂಡವಾಳ.

ಗಡಿಯ ಬದುಕು ಶಬ್ದಗಳಲ್ಲಿ ಚೆನ್ನಾಗಿ ಕಾಣುತ್ತದೆ. ಆನೇಕಲ್ಲಿನ ರೈತ ಪಹಣಿ, ಖಾತೆ, ಕುಂಟೆ ಎನ್ನುತ್ತಾನೆ. ಅವನ ಬೀಗ, ಮತ್ತಿಗಿರಿಯವನು, ಅದೇ ಕನ್ನಡದಲ್ಲಿ ಪಟ್ಟಾ, ಚಿಟ್ಟಾ, ಸೆಂಟು ಎನ್ನುತ್ತಾನೆ. ಒಂದು ಎಕರೆಗೆ ಅಲ್ಲಿ 40 ಕುಂಟೆ, ಇಲ್ಲಿ 100 ಸೆಂಟು. ಬೀಗರಿಬ್ಬರು ಜಮೀನಿನ ಬೆಲೆ ಮಾತಾಡಲು ಕೂತರೆ ಮೊದಲು ಗುಣಾಕಾರ ಮಾಡಬೇಕು! ಬೆಲೆಯ ವ್ಯತ್ಯಾಸವೇ ವ್ಯಾಪಾರ. ಬೆಂಗಳೂರಲ್ಲಿ ಸೈಟು ಕೊಳ್ಳಲಾರದವರು ಹೊಸೂರಿಗೆ ಬಂದರು. ಎಲೆಕ್ಟ್ರಾನಿಕ್ ಸಿಟಿಯ ಮೇಲುಸೇತುವೆ 2010ರಲ್ಲಿ ತೆರೆದ ಮೇಲೆ ಅವರ ಸಂಖ್ಯೆ ಇನ್ನೂ ಹೆಚ್ಚಿತು. ಗಾಡಿಯ ನಂಬರು ಟಿಎನ್ 70 ಇರಬೇಕೋ ಕೆಎ ಇರಬೇಕೋ, ಪೆಟ್ರೋಲು ಎಲ್ಲಿ ಹಾಕಿಸಿದರೆ ಎರಡು ರೂಪಾಯಿ ಉಳಿಯುತ್ತದೆ, ಇಂಥ ಲೆಕ್ಕ ನಮ್ಮ ಕಡೆ ಸಣ್ಣ ಮಕ್ಕಳಿಗೂ ಬಾಯಿಪಾಠ. 2017ರ ಜುಲೈನಲ್ಲಿ ಜಿಎಸ್‌ಟಿ ಬರುವ ತನಕ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು ನಿಲ್ಲುತ್ತಿತ್ತು. ಸಾಲು ನಿಂತರೆ ಟೀ ಅಂಗಡಿ, ಪಂಕ್ಚರ್ ಅಂಗಡಿ, ಫಾರಂ ಬರೆದುಕೊಡುವವರು, ಎಷ್ಟೊಂದು ಜನರ ಹೊಟ್ಟೆಪಾಡು! ತೆರಿಗೆಯ ಚೆಕ್‌ಪೋಸ್ಟು ಹೋದಮೇಲೆ ಅವರಲ್ಲಿ ಹಲವರು ಬೇರೆ ಕಸುಬು ನೋಡಿಕೊಂಡರು.

ಗಡಿ ಮುಚ್ಚಿದ ದಿನಗಳಲ್ಲಿ ಇದೆಲ್ಲ ಎಷ್ಟು ಸೂಕ್ಷ್ಮ ಎಂದು ತಿಳಿಯಿತು. 2016ರ ಸೆಪ್ಟೆಂಬರಿನ ಕಾವೇರಿ ಗಲಾಟೆಯಲ್ಲಿ ಆ ಕಡೆಯ ಬಸ್ಸು ಅತ್ತಿಬೆಲೆಯಲ್ಲಿ, ಈ ಕಡೆಯದು ಜೂಜುವಾಡಿಯಲ್ಲಿ ನಿಂತವು. ನಡುವಿನ ದಾರಿಯನ್ನು ಜನ ಗಂಟುಮೂಟೆ ಹೊತ್ತು, ಮಕ್ಕಳನ್ನು ಎತ್ತಿಕೊಂಡು ನಡೆದು ದಾಟಿದರು. 2020ರ ಕೊರೋನಾ ಲಾಕ್‌ಡೌನಿನಲ್ಲಿ ಗೆರೆಯ ಆಚೆ ಮಲಗಿ ಈಚೆ ದುಡಿಯುತ್ತಿದ್ದವರಿಗೆ ಪಾಸು ಬೇಕಾಯಿತು. ಇಲ್ಲಿಯ ಗುಲಾಬಿ ಬೆಳೆಗಾರರ ಹೂವು ಕೊಳ್ಳುವವರಿಲ್ಲದೆ ತಿಪ್ಪೆಗೆ ಬಿತ್ತು. ಈ ತಂಪು ಹವೆ ನಂಬಿ ಹಸಿರುಮನೆ ಕಟ್ಟಿ ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ವಿದೇಶಕ್ಕೂ ಗುಲಾಬಿ ಕಳಿಸುವ ಊರು ಇದು.

ನೀರಿನ ಕಥೆಯಲ್ಲೂ ಅದೇ ಗೆರೆ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರಿನ ಬಳಿ ಕೆಲವರಪಲ್ಲಿ ಜಲಾಶಯಕ್ಕೆ ಬರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರೂ ಇದೇ ಹೊಳೆ ಸೇರುತ್ತದೆ. ಮಳೆ ಬಂದಾಗ ಜಲಾಶಯದ ಕೆಳಗೆ ಏಳುವ ನೊರೆಯ ರಾಶಿಯನ್ನು ಟಿವಿಯಲ್ಲಿ ನೀವೂ ನೋಡಿರಬಹುದು. ಬೆಂಗಳೂರಿನ ಗಾಳಿ ಬೇಕೆಂದವರಿಗೆ ಬೆಂಗಳೂರಿನ ಸೋಪಿನ ನೀರೂ ಬಂತು! ಕುಡಿಯುವ ನೀರು ಹೊಗೇನಕಲ್ಲಿನಿಂದ ಬರಬೇಕಾಯಿತು. ಜಪಾನಿನ ಸಾಲದಲ್ಲಿ ಕಟ್ಟಿದ ಆ ಯೋಜನೆಗೆ 2008ರಲ್ಲಿ ಅಡಿಗಲ್ಲು ಹಾಕಿದಾಗ ಗಡಿಯಾಚೆ ಕನ್ನಡದ ಹೆಸರಿನಲ್ಲಿ ಪ್ರತಿಭಟನೆ ನಡೆಯಿತು. 2013ರಲ್ಲಿ ನೀರು ಬಂತು. ಆ ನೀರನ್ನು ಕುಡಿಯುವವರಲ್ಲಿ ಇಲ್ಲಿಯ ಕನ್ನಡದ ಮನೆಗಳೂ ಸೇರಿವೆ. ಅಲ್ಲಿ ಘೋಷಣೆ ಕೂಗಿದವರಿಗೆ ನಮ್ಮ ನೆನಪು ಆಯಿತೋ ಇಲ್ಲವೋ.

ಕೊನೆಗೆ ನನ್ನ ಕಸುಬಿನ ಮಾತು. ಗಡಿಯಿಂದ ಊರಿಗೆ ಬಂದ ಲಾಭಕ್ಕೆ ತೆರಿಗೆ ಕಟ್ಟುತ್ತಿರುವವರು ನಮ್ಮ ಶಾಲೆಯ ಮಕ್ಕಳು ಎಂದು ನನಗೆ ಅನಿಸುತ್ತದೆ. 2006ರ ತಮಿಳು ಕಲಿಕೆ ಕಾಯ್ದೆಯಂತೆ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಗುತ್ತ ಬಂತು, 2015-16ರಲ್ಲಿ ಅದು ಹತ್ತನೆಯ ತರಗತಿ ಮುಟ್ಟಿತು. ಅಲ್ಲಿಂದೀಚೆಗೆ ಭಾಷಾ ಅಲ್ಪಸಂಖ್ಯಾತರು ವಿನಾಯಿತಿ ಕೇಳಿಕೊಂಡು ಕೋರ್ಟಿಗೆ ಅಲೆಯುವುದಾಗಿದೆ. ತಮಿಳು ಕಲಿಯುವುದಕ್ಕೆ ನನ್ನ ತಕರಾರಿಲ್ಲ. ಬೀದಿಯಲ್ಲಿ ಆಡುವ ಮಕ್ಕಳಿಗೆ ತಮಿಳು ಹೇಗೂ ಬರುತ್ತದೆ, ಓದಲು ಬರೆಯಲು ಬಂದರೆ ಒಳ್ಳೆಯದೇ. ತೊಂದರೆ ಬೇರೆ ಕಡೆ ಇದೆ. ಕಂಪನಿಯ ಅರ್ಜಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಕರ್ನಾಟಕದ ವೃತ್ತಿಶಿಕ್ಷಣದ ಸೀಟಿಗೆ 'ಗಡಿನಾಡ ಕನ್ನಡಿಗ' ಎಂಬ ಕಲಂ ಇದೆ ನಿಜ, ಅದರ ಕಾಗದಪತ್ರ ಮಾಡಿಸುವಷ್ಟರಲ್ಲಿ ಕೂಲಿ ಮಾಡುವ ತಂದೆಗೆ ವಾರದ ಸಂಬಳ ಹೋಗಿರುತ್ತದೆ. ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಿ ಎಂದು ಮನೆ ಮನೆಗೆ ಹೋದರೆ ಕೇಳುವ ಪ್ರಶ್ನೆ ಒಂದೇ: "ಕನ್ನಡದಾಗೆ ಓದಿದ್ರೆ ಕಂಪನೀಲಿ ತಕೋತಾರಾ ಸಾರ್?" ಅವರು ಭಾಷೆ ಬಿಟ್ಟವರಲ್ಲ. ಅದೇ ಮನೆಯ ದೇವರ ಕೋಣೆಯಲ್ಲಿ ಕನ್ನಡದ ಕ್ಯಾಲೆಂಡರು ನೇತಾಡುತ್ತಿರುತ್ತದೆ. ಮಗು ಮಾತ್ರ ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುತ್ತದೆ. ನಾನು ಯಾವ ಧೈರ್ಯದ ಮೇಲೆ ಬೇಡ ಎನ್ನಲಿ?

ಊರಿನ ಹೆಸರೂ ಬದಲಾಗುತ್ತ ಬಂದಿದೆ. 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. 2011ರಲ್ಲಿ ಮತ್ತಿಗಿರಿ ಪಟ್ಟಣ ಪಂಚಾಯಿತಿ ಹೊಸೂರು ನಗರಸಭೆಯೊಳಗೆ ಸೇರಿಹೋಯಿತು. ಹಾಗೆ ಹಿಗ್ಗಿದ ಊರಿನ ಜನಸಂಖ್ಯೆ ಆ ವರ್ಷದ ಜನಗಣತಿಯಂತೆ ಸುಮಾರು 2.45 ಲಕ್ಷ. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆ. 2024ರ ಜೂನ್ 27ರಂದು ತಮಿಳುನಾಡಿನ ಆಗಿನ ಸರಕಾರ ಹೊಸೂರಿನಲ್ಲಿ 2,000 ಎಕರೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಮಾಡುವುದಾಗಿ ವಿಧಾನಸಭೆಯಲ್ಲಿ ಪ್ರಕಟಿಸಿತು. ಇದಕ್ಕೂ ಒಂದು ಗೆರೆ ಅಡ್ಡ ಬಂದಿದೆ: ದೇವನಹಳ್ಳಿ ನಿಲ್ದಾಣದ ಒಪ್ಪಂದದಂತೆ 150 ಕಿಲೋಮೀಟರಿನೊಳಗೆ 2033ರ ತನಕ ಹೊಸ ನಿಲ್ದಾಣಕ್ಕೆ ಅವಕಾಶವಿಲ್ಲ. ಆದರೆ ದಲ್ಲಾಳಿಗಳು 2033ರ ತನಕ ಕಾಯುವವರಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಈಗಲೇ ಕಾರು ನಿಲ್ಲಿಸಿ, ಹೊಲದ ಬದುವಿನಲ್ಲಿ ಕೂತ ಮುದುಕರನ್ನು "ತಾತಾ, ಚಿಟ್ಟಾ ಯಾರ ಹೆಸರಲ್ಲಿದೆ?" ಎಂದು ವಿಚಾರಿಸುತ್ತಿದ್ದಾರೆ. ಕನ್ನಡದಲ್ಲೇ ಕೇಳುತ್ತಾರೆ.